ಎಸ್ಕ್‌ಡೇಲ್ ಕಣಿವೆಯಲ್ಲಿ ಶಿಲಾವೃತ್ತದಿಂದ ರೋಮನ್ ಕೋಟೆಗೆ: ನನ್ನ ಅನುಭವ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ವಿಂಡರ್‌ಮಿಯರ್‌ನಲ್ಲಿ ದೋಣಿ ಹತ್ತಿ, ಕೆಸ್ವಿಕ್ ಪಕ್ಕದ ಕ್ಯಾಸಲ್‌ರಿಗ್ ಶಿಲಾವೃತ್ತದ, ಅಂದರೆ ದುಂಡಗೆ ನೆಟ್ಟ ಪುರಾತನ ಕಲ್ಲುಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಕ್ಯಾಸಲ್‌ರಿಗ್ ಚೆಲುವಿಗೆ ಎಣೆಯಿಲ್ಲ, ನಿಜ. ಆದರೆ ಕಾರಿನಿಂದಿಳಿದು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದರೆ, ಐದು ಸಾವಿರ ವರ್ಷಗಳ ಹಿಂದಿನ ಜನ ಅದೇ ಜಾಗವನ್ನು ಏಕೆ ಆರಿಸಿಕೊಂಡರೆಂಬುದು ಹೊಳೆಯುವುದೇ ಇಲ್ಲ. ಅದಕ್ಕೆ ನಡೆಯಬೇಕು. ಪಟ್ಟಿ ಹಿಡಿದು ಊರೂರು ಸುತ್ತುವುದನ್ನು ಬಿಟ್ಟು, ಒಂದೇ ಕಣಿವೆಯನ್ನು ಕಡಲಿನಿಂದ ಘಾಟಿಯವರೆಗೆ ನೋಡುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ. ಅದಕ್ಕೆ ಎಸ್ಕ್‌ಡೇಲ್‌ಗಿಂತ ಒಳ್ಳೆಯ ಕಣಿವೆ ನನಗೆ ಸಿಕ್ಕಿಲ್ಲ.

ಮೊದಲು ನಕ್ಷೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಪ್ರಮಾಣದ ಓಎಲ್ 6 ಹಾಳೆಯಲ್ಲಿ ಇಡೀ ಕಣಿವೆ ಇದೆ. ಇದರಲ್ಲಿ ರೋಮನ್ ಅವಶೇಷಗಳ ಹೆಸರು ಒಂದು ಬಗೆಯ ಅಕ್ಷರದಲ್ಲಿ, ಉಳಿದ ಪುರಾತನ ನೆಲೆಗಳ ಹೆಸರು ಹಳೆಯ ಗೋಥಿಕ್ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಹಿಂದಿನ ರಾತ್ರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಎರಡೂ ಬಗೆಯ ಅಕ್ಷರಗಳನ್ನು ಹುಡುಕುತ್ತಾ ಹೋದರೆ ಮರುದಿನದ ದಾರಿ ಅರ್ಧ ಸಿದ್ಧವಾದಂತೆ. ಮೊಬೈಲ್ ನಂಬಿ ಹೋಗಬೇಡಿ. ಮೇಲಿನ ಬಯಲಿನಲ್ಲಿ ಮಂಜು ಇಳಿದಾಗ ಕಾಗದದ ನಕ್ಷೆ ಮತ್ತು ದಿಕ್ಸೂಚಿಯೇ ಗತಿ. ಹೋಗಲು ಏಪ್ರಿಲ್ ಕೊನೆ ಅಥವಾ ಮೇ ಆರಂಭ ಹಿತ. ಬೇಸಿಗೆ ಏರಿದಂತೆ ಇಳಿಜಾರುಗಳಲ್ಲಿ ಜರೀಗಿಡಗಳು ಮೊಣಕಾಲು ಮೀರಿ ಬೆಳೆದು ಕಾಲುದಾರಿಯನ್ನೂ ಸಣ್ಣ ಕಲ್ಲುಗಳನ್ನೂ ಮುಚ್ಚಿಬಿಡುತ್ತವೆ.

ನಾನು ಹಿಂದಿನ ಸಂಜೆಯೇ ಕರಾವಳಿಯ ರೇವನ್‌ಗ್ಲಾಸ್ ಸೇರುತ್ತೇನೆ. ಅಲ್ಲಿದ್ದ ರೋಮನ್ ಕೋಟೆಯನ್ನು ಒಂದು ಕಡೆಯಿಂದ ಕಡಲು ಕೊರೆದಿದೆ, ನಡುವೆ ರೈಲುಮಾರ್ಗ ಸೀಳಿದೆ. ಆದರೆ ಕೋಟೆಯ ಹೊರಗಿದ್ದ ಸ್ನಾನಗೃಹದ ಗೋಡೆಗಳು ಇಂದಿಗೂ ಸುಮಾರು 4 ಮೀಟರ್ ಎತ್ತರಕ್ಕೆ ನಿಂತಿವೆ. ಬಾಗಿಲ ಕಂಡಿಯಿಂದ ಒಳಗೆ ಹೋಗಿ ಗೋಡೆಯ ಹತ್ತಿರ ನಿಲ್ಲಿ. ಅಲ್ಲಲ್ಲಿ ಮಾಸಲು ಕೆಂಪಿನ ಗಾರೆ ಇನ್ನೂ ಅಂಟಿಕೊಂಡಿದೆ. ಸುಮಾರು ಹತ್ತೊಂಬತ್ತು ಶತಮಾನಗಳ ಮಳೆಗಾಳಿಗೆ, ಅದೂ ಈ ಕರಾವಳಿಯ ಮಳೆಗಾಳಿಗೆ, ಜಗ್ಗದ ಗಾರೆ ಅದು.

ಬೆಳಿಗ್ಗೆ ರೇವನ್‌ಗ್ಲಾಸ್‌ನಿಂದ ಪುಟ್ಟ ರೈಲು ಹೊರಡುತ್ತದೆ. ಕಬ್ಬಿಣದ ಅದಿರು ಸಾಗಿಸಲು 1875ರಲ್ಲಿ ಆರಂಭವಾದ ಮಾರ್ಗ, ಸುಮಾರು 11 ಕಿಲೋಮೀಟರ್. ಕೊನೆಯ ನಿಲ್ದಾಣ ಡೇಲ್‌ಗಾರ್ತ್‌ನಲ್ಲಿ ಇಳಿದು ಬೂಟ್ ಎಂಬ ಹಳ್ಳಿಯ ಕಲ್ಲುಸೇತುವೆ ದಾಟಿ, ಗಿರಣಿಯ ಹಿಂದಿನಿಂದ ಬೆಟ್ಟ ಹತ್ತುತ್ತೇನೆ. ಮೇಲೆ ಬರ್ನ್‌ಮೂರ್ ಬಯಲು. ಅಲ್ಲಿ ಒಂದಕ್ಕೊಂದು ಹತ್ತಿರದಲ್ಲಿ ಐದು ಶಿಲಾವೃತ್ತಗಳಿವೆ. ದೊಡ್ಡದರ ಹೆಸರು ಬ್ರಾಟ್ಸ್ ಹಿಲ್. ಅಗಲ ಸುಮಾರು 30 ಮೀಟರ್, ಕಲ್ಲುಗಳು ನಲವತ್ತರ ಆಸುಪಾಸು, ಬಹುಪಾಲು ಮಲಗಿವೆ. ಒಳಗೆ ಐದು ಕಲ್ಲುಗುಪ್ಪೆಗಳಿವೆ. 1827ರಲ್ಲಿ ಅಗೆದಾಗ ಸುಟ್ಟ ಮೂಳೆಗಳೂ ಜಿಂಕೆಯ ಕೊಂಬುಗಳೂ ಸಿಕ್ಕವು. ಇಲ್ಲಿ ಬೇಲಿಯಿಲ್ಲ, ಫಲಕವಿಲ್ಲ; ಕುರಿಗಳಷ್ಟೇ. ಕ್ಯಾಸಲ್‌ರಿಗ್‌ನಲ್ಲಿ ಸಿಗದ ಪುರುಸೊತ್ತು ಇಲ್ಲಿದೆ. ಪ್ರತಿ ವೃತ್ತದ ನಡುವೆ ನಿಂತು ಸುತ್ತ ತಿರುಗಿ ನೋಡುವುದು ನನ್ನ ಕ್ರಮ: ಶಿಖರಗಳು ಯಾವ ದಿಕ್ಕಿನಲ್ಲಿ ಏಳುತ್ತವೆ, ಮುಂದಿನ ವೃತ್ತ ಇಲ್ಲಿಂದ ಕಾಣುತ್ತದೆಯೇ ಎಂದು. ಕೆಳಗಿನ ಕಣಿವೆಯ ತಳವನ್ನು ದಿನ್ನೆ ಮರೆಮಾಡುತ್ತದೆ, ಎದುರಿಗೆ ಉಳಿಯುವುದು ಬೆಟ್ಟಗಳ ಸಾಲು ಮತ್ತು ಆಕಾಶ. ಕಾವಲಿಗಾಗಿ ಯಾರೂ ಇಂಥ ಜಾಗವನ್ನು ಆರಿಸುವುದಿಲ್ಲ.

ಕಾವಲಿನ ಜಾಗ ಹೇಗಿರುತ್ತದೆಂದು ತಿಳಿಯಲು ಮತ್ತೆ ಬೂಟ್‌ಗೆ ಇಳಿದು ಸುಮಾರು 5 ಕಿಲೋಮೀಟರ್ ಮೇಲಕ್ಕೆ, ಹಾರ್ಡ್‌ನಾಟ್ ಘಾಟಿಗೆ ನಡೆಯಬೇಕು. ಕೆಲವೆಡೆ ಮೂರು ಮೀಟರ್ ಸಾಗಿದರೆ ಒಂದು ಮೀಟರಿನಷ್ಟು ಏರುವ ಕಡಿದಾದ ರಸ್ತೆ. ಹೊಸ ಚಾಲಕರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 245 ಮೀಟರ್ ಎತ್ತರದ ಚಾಚಿನ ಮೇಲೆ ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಕಾಲದ ಕೋಟೆ ಇದೆ. ಪ್ರವೇಶ ಉಚಿತ. ಒಂದು ಕಡೆ ಪ್ರಪಾತ, ಆಚೆ ಸ್ಕಾಫೆಲ್ ಶಿಖರಗಳು, ಕೆಳಗೆ ಕಡಲಿನ ಕಡೆಗೆ ಕಣಿವೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ರೇವನ್‌ಗ್ಲಾಸ್‌ನಿಂದ ಆಂಬಲ್‌ಸೈಡ್ ಕೋಟೆಗೆ ಹೋಗುವ ರೋಮನ್ ರಸ್ತೆಯಲ್ಲಿ ಯಾರು ಬಂದರೂ ಇಲ್ಲಿನ ಕಣ್ಣು ತಪ್ಪಿಸುವಂತಿರಲಿಲ್ಲ. ಇಲ್ಲಿದ್ದವರು ಡಾಲ್ಮೇಷಿಯಾದ, ಅಂದರೆ ಇಂದಿನ ಕ್ರೊಯೇಷಿಯಾ ಕರಾವಳಿ ಕಡೆಯ ಪಡೆ ಎಂದು ಶಾಸನದ ತುಂಡುಗಳು ಹೇಳುತ್ತವೆ. ಬೆಚ್ಚಗಿನ ಕಡಲ ತೀರದ ಆ ಹುಡುಗರು ಈ ಗಾಳಿಯಲ್ಲಿ ರಾತ್ರಿ ಪಹರೆ ನಿಂತಿದ್ದನ್ನು ನೆನೆದರೆ ಮನಸ್ಸು ಕಲಕುತ್ತದೆ.

ಗೋಡೆಯನ್ನು ದೂರದಿಂದ ನೋಡಿ ಹೊರಡಬೇಡಿ. ಬಗ್ಗಿ ನೋಡಿದರೆ ಕಲ್ಲುಗಳ ನಡುವೆ ತೆಳ್ಳಗಿನ ಸ್ಲೇಟ್‌ನ ಒಂದು ಗೆರೆ ಕಾಣುತ್ತದೆ. ಅದರ ಕೆಳಗಿನದು ರೋಮನ್ನರು ಕಟ್ಟಿದ್ದು. ಮೇಲಿನದು ಬಿದ್ದ ಕಲ್ಲುಗಳನ್ನು ನಮ್ಮ ಕಾಲದವರು ಮತ್ತೆ ಜೋಡಿಸಿದ್ದು. ದುರಸ್ತಿ ಮಾಡಿದವರ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಒಳಗೆ ಮುಖ್ಯ ಕಚೇರಿ, ಅಧಿಕಾರಿಯ ಮನೆ, ಜೋಡಿ ಕಣಜ, ಇವುಗಳ ತಳಪಾಯ ಉಳಿದಿವೆ. ಸೈನಿಕರ ವಸತಿ ಮರದ್ದಾದ್ದರಿಂದ ಅಲ್ಲಿ ಈಗ ಹುಲ್ಲು ಮಾತ್ರ. ಬಾಗಿಲ ಹೊರಗೆ ಇಳಿಜಾರಿನಲ್ಲಿ ಸ್ನಾನಗೃಹ. ಬೆವರುವ ಕೋಣೆ ದುಂಡಗಿದೆ.

ಹೆಚ್ಚಿನವರು ಇಷ್ಟಕ್ಕೇ ಹಿಂದಿರುಗುತ್ತಾರೆ. ನೀವು ಇನ್ನಷ್ಟು ಮೇಲೆ ಹತ್ತಿ ಪರೇಡ್ ಮೈದಾನ ನೋಡಿ. ಓರೆಬೆಟ್ಟದಲ್ಲಿ ಥಟ್ಟನೆ ಸಮತಟ್ಟಾಗುವ ಆ ನೆಲವನ್ನು ಕವಾಯತಿಗಾಗಿ ಕೈಯಿಂದಲೇ ಕಡಿದು, ತುಂಬಿ ಮಾಡಿದ್ದಾರೆ. ಅಲ್ಲಿಂದ ಡೇಲ್‌ಗಾರ್ತ್‌ಗೆ ಇಳಿಯಲು ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಸಂಜೆಯ ಕೊನೆಯ ರೈಲಿನ ಸಮಯ ಋತುವಿನೊಂದಿಗೆ ಬದಲಾಗುತ್ತದೆ. ಬೆಳಿಗ್ಗೆ ಹತ್ತುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ.