ಪಾಪನಿವೇದನೆಗೆ ಹೋಗುವ ಮುನ್ನ, ಹೋಗಿ ಬಂದ ಮೇಲೆ

ಪಾಪದಲ್ಲಿ ಎಡವಿ ಬಿದ್ದವರು ಸಾಮಾನ್ಯವಾಗಿ ಮಾಡುವ ಎರಡನೆಯ ತಪ್ಪು ಇಗರ್ಜಿಯಿಂದ ದೂರ ಉಳಿಯುವುದು. ಮನಸ್ಸು ತಿಳಿಯಾದ ಮೇಲೆ ಹೋದರಾಯಿತೆಂದು ಒಂದು ಭಾನುವಾರ ತಪ್ಪಿಸಿದವರು ಮುಂದಿನ ಈಸ್ಟರ್‌ವರೆಗೂ ಅತ್ತ ಸುಳಿಯುವುದಿಲ್ಲ. ಯೇಸುವಿನ ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಬಿದ್ದವರು; ಪೇತ್ರನು ಯೇಸುವನ್ನು ಅರಿಯೆನೆಂದನು, ಯೂದನು ಹಣಕ್ಕೆ ಹಿಡಿದುಕೊಟ್ಟನು. ಯೂದನು ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿ ತಪ್ಪನ್ನು ಒಪ್ಪಿಕೊಂಡನಾದರೂ ಯೇಸುವಿನ ಬಳಿಗೆ ಮರಳಲಿಲ್ಲ. ಪೇತ್ರನು ಅತ್ತು, ಉಳಿದ ಶಿಷ್ಯರ ಜೊತೆಗೇ ಇದ್ದನು. ಆದ್ದರಿಂದ ಇರುವ ಸ್ಥಿತಿಯಲ್ಲೇ ಪಾಪನಿವೇದನೆಗೆ ಹೊರಡಿ.

ಕಥೋಲಿಕರು ಧರ್ಮಗುರುಗಳ ಮುಂದೆ ಪಾಪನಿವೇದನೆ ಮಾಡುತ್ತಾರೆ; ನಮ್ಮ ಕಾಸರಗೋಡಿನ ಕೊಂಕಣಿ ಮನೆಮಾತಿನವರಿಗೆ ಅದು ಕುಮ್ಸಾರ್. ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆರಾಧನೆಯ ವೇಳೆಯ ಸಾಮೂಹಿಕ ಅರಿಕೆಯಿದೆ, ಭಾರ ಇಳಿಯದಿದ್ದರೆ ಸಭಾಪಾಲಕರೊಡನೆ ಏಕಾಂತದಲ್ಲಿ ಮಾತನಾಡಲೂಬಹುದು.

ಹೋಗುವ ಹಿಂದಿನ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬೈಬಲಿನ 51ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ. ಪರರ ಹೆಂಡತಿಯಾದ ಬತ್ಷೆಬೆಯನ್ನು ಕೂಡಿದ ಬಳಿಕ ಅರಸ ದಾವೀದನು ಮಾಡಿದ ಪ್ರಾರ್ಥನೆಯೆಂದು ಅದರ ತಲೆಬರಹವೇ ಹೇಳುತ್ತದೆ. ಬಡವನ ಒಂದೇ ಕುರಿಮರಿಯನ್ನು ಸಿರಿವಂತನೊಬ್ಬ ಕಸಿದುಕೊಂಡ ಕಥೆಯನ್ನು ಪ್ರವಾದಿ ನಾತಾನನು ಹೇಳಿದಾಗ ದಾವೀದನಿಗೆ ಕಥೆಯೊಳಗಿನ ಕಳ್ಳನ ಮೇಲೆ ಸಿಟ್ಟು ಬಂದಿತೇ ಹೊರತು ತನ್ನ ಗುರುತು ಸಿಗಲಿಲ್ಲ. ನಮ್ಮ ಸ್ಥಿತಿಯೂ ಬಹುಮಟ್ಟಿಗೆ ಅದೇ, ಆದುದರಿಂದ ಪಾಪಕ್ಕೆ ಅದರ ಸರಿಯಾದ ಹೆಸರನ್ನಿಡುವುದೇ ಈ ಸಿದ್ಧತೆಯ ಮುಖ್ಯ ಕೆಲಸ.

ಗಡಿಯೂರಿನ ನಮಗೆ ಇಲ್ಲೊಂದು ವಿಶೇಷ ಅಪಾಯವಿದೆ. ಮನೆಗೊಂದು, ಶಾಲೆಗೊಂದು, ಪೇಟೆಗೊಂದು, ಕಚೇರಿಗೊಂದು ಭಾಷೆ ಇಟ್ಟುಕೊಂಡವರು ತಪ್ಪು ಹೇಳುವಾಗ ಯಾವುದು ಚುಚ್ಚುವುದಿಲ್ಲವೋ ಆ ಭಾಷೆಗೆ ಜಾರಿಕೊಳ್ಳುತ್ತಾರೆ. ನಾನೂ ಜಾರಿದವನೇ. ಮುಂಬಯಿಯಲ್ಲಿರುವ ಅಣ್ಣನ ಪಾಲಿನ ಅಡಕೆಯನ್ನು ಮಾರಿದ ವರ್ಷ, ಎರಡು ಕ್ವಿಂಟಾಲ್ ಒಳ್ಳೆಯ ಚಾಲಿಯನ್ನು (ಒಣಗಿಸಿ ಸುಲಿದ ಅಡಕೆ) ಕಡಿಮೆ ದರ್ಜೆಯ ಪಟೋರವೆಂದು ಬರೆದು ಕ್ರಯದ ವ್ಯತ್ಯಾಸವನ್ನು ಕಿಸೆಗೆ ಹಾಕಿಕೊಂಡಿದ್ದೆ. ಕುಮ್ಸಾರಿನಲ್ಲಿ, “ಲೆಕ್ಕದಲ್ಲಿ ಸ್ವಲ್ಪ ಅಡ್ಜಸ್ಟ್‌ಮೆಂಟ್ ಮಾಡಿದೆ ಫಾದರ್” ಎಂದೆ.

“ಎಷ್ಟು ಕ್ವಿಂಟಾಲ್?” ಎಂದು ಅವರು ಕೇಳಿದರು.

“ಎರಡು.”

“ಗೊತ್ತಾದರೆ ನಿಮ್ಮ ಅಣ್ಣ ಇದಕ್ಕೆ ಏನು ಹೇಳಿಯಾರು?”

ಕಳ್ಳತನ ಎಂಬ ಶಬ್ದ ಆಗ ಬಂತು.

ಎಲ್ಲರಿಗೂ ತೋಟದವರ ಭಾಷೆ ತಿಳಿದ ಗುರುಗಳೇ ಸಿಗುವುದಿಲ್ಲ. ಹಾಗಾಗಿ ಕೊನೆಯ ಪಾಪನಿವೇದನೆ ಆಗಿ ಎಷ್ಟು ಕಾಲವಾಯಿತು, ಗಂಭೀರ ಪಾಪವಾದರೆ ಯಾವುದು, ಎಷ್ಟು ಸಲ ಎಂಬುದನ್ನು ನೀವೇ ಹೇಳಿ. ಕಾರಣಗಳ ಪುರಾಣ ಬೇಡ, ಜೊತೆಯಲ್ಲಿದ್ದವರ ಹೆಸರೂ ಬೇಡ. ಅಲ್ಲಿ ಆಡಿದ ಮಾತನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಬಹಿರಂಗಪಡಿಸುವಂತಿಲ್ಲ ಎಂಬುದು ಧರ್ಮಸಭೆಯ ಕಟ್ಟುನಿಟ್ಟಾದ ನಿಯಮ.

ಕ್ಷಮೆ ದೊರೆಯಿತೆಂದು ಸಾಲ ವಜಾ ಆಗುವುದಿಲ್ಲ. ಸುಂಕದ ಜಕ್ಕಾಯನು ಮೋಸದಿಂದ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಯೇಸುವಿನ ಎದುರಿಗೇ ಹೇಳಿದನು. ನಾಲ್ಕರಷ್ಟು ಕೊಡಲಾಗದಿದ್ದರೂ ಕದ್ದಷ್ಟನ್ನಾದರೂ ಕೊಡಲೇಬೇಕು. ಚಾಡಿ ಹೇಳಿ ಒಬ್ಬರ ಮಾನ ಕಳೆದಿದ್ದರೆ, ಯಾರ ಮುಂದೆ ಹೇಳಿದ್ದಿರೋ ಅವರ ಮುಂದೆಯೇ ಅದನ್ನು ಸರಿಪಡಿಸಬೇಕು. ಆದರೆ ಕೆಲವು ಪಾಪಗಳನ್ನು, ಮುಖ್ಯವಾಗಿ ದಾಂಪತ್ಯಕ್ಕೆ ಸಂಬಂಧಿಸಿದವನ್ನು, ನಿಮ್ಮ ಎದೆ ಹಗುರವಾಗಲೆಂದು ಏಕಾಏಕಿ ಇನ್ನೊಬ್ಬರ ಎದೆಯ ಮೇಲೆ ಹೇರಬೇಡಿ, ಯಾವಾಗ ಹೇಗೆ ಹೇಳಬೇಕೆಂದು ಮೊದಲು ಗುರುಗಳ ಸಲಹೆ ಪಡೆಯಿರಿ.

ನಾನು ಅಣ್ಣನಿಗೆ ಫೋನು ಮಾಡಲು ಹನ್ನೊಂದು ದಿನ ತೆಗೆದುಕೊಂಡೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಣ ಅಮ್ಮನ ಖಾತೆಗೆ ಹಾಕು” ಎಂದಷ್ಟೇ ಹೇಳಿದ. ದೇವರು ಕ್ಷಮಿಸಿದ ದಿನವೇ ಮನುಷ್ಯರೂ ಕ್ಷಮಿಸಬೇಕೆಂದು ಒತ್ತಾಯಿಸುವ ಹಕ್ಕು ತಪ್ಪು ಮಾಡಿದವನಿಗಿಲ್ಲ.

ಹೊಸ ಬದುಕೆಂಬುದು ಹೆಚ್ಚಾಗಿ ಇಂಥ ಸಣ್ಣ ಏರ್ಪಾಡುಗಳಿಂದಲೇ ಆಗುತ್ತದೆ. ಕುಡಿತ ಕೆಡಿಸಿದ್ದರೆ ಪೇಟೆಯಿಂದ ಮನೆಗೆ ಬರುವ ದಾರಿಯನ್ನೇ ಬದಲಿಸಿ, ಮೊಬೈಲು ಕೆಡಿಸಿದ್ದರೆ ರಾತ್ರಿ ಅದನ್ನು ಚಾವಡಿಯಲ್ಲಿಟ್ಟು ಮಲಗಿ. ಮತ್ತೆ ಬಿದ್ದರೆ ಮತ್ತೆ ಹೋಗಿ. ನೀತಿವಂತನು ಏಳು ಸಲ ಬಿದ್ದರೂ ಏಳುವನೆಂದು ಬೈಬಲಿನ ಜ್ಞಾನೋಕ್ತಿಯಲ್ಲಿದೆ. ನಮ್ಮ ಮನೆಯಲ್ಲಿ ಈಗ ಅಣ್ಣನ ಅಡಕೆಯನ್ನು ಬೇರೆ ಗೋಣಿಗಳಲ್ಲಿ ತುಂಬಿಸುತ್ತೇವೆ, ಅಂಗಡಿಯವರು ಅದರ ಚೀಟಿಯ ಚಿತ್ರವನ್ನು ನನಗಿಂತ ಮೊದಲು ಅವನ ವಾಟ್ಸಾಪಿಗೆ ಕಳುಹಿಸುತ್ತಾರೆ.