ಕೊಲ್ಚಾಗುವಾದ ಕೆಂಪು ವೈನ್ ಮತ್ತು ಮಗಳ ಸಿರಪ್ ಮುಚ್ಚಳ

ಮೊದಲ ಸಲ ಕಾರ್ಮೆನೇರ್ ಅನ್ನೋ ದ್ರಾಕ್ಷಿಯ ಕೆಂಪು ವೈನ್ ಕುಡಿದಾಗ ಬಾಟಲಿ ಕೆಟ್ಟಿದೆ ಅಂದುಕೊಂಡೆ. ಮೂಗಿಗೆ ಬಂದದ್ದು ಆಗ ತಾನೇ ಹೆಚ್ಚಿದ ದಪ್ಪ ಮೆಣಸಿನಕಾಯಿಯ ವಾಸನೆ. ಕೆಲಸದ ಮೇಲೆ ಚಿಲಿಯ ಸ್ಯಾಂಟಿಯಾಗೋಗೆ ಬಂದು ಮೂರು ತಿಂಗಳಾಗಿತ್ತು. ಜನವರಿ ಅಂದ್ರೆ ಇಲ್ಲಿ ನಡುಬೇಸಿಗೆ, ಮನೆಯೊಳಗೆ 29 ಡಿಗ್ರಿ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕು ಅಂತ ಎಲ್ಲೋ ಓದಿದ್ದೆ, ಹಾಗೇ ಕುಡಿದೆ. ಆ ಮಾತು ಯುರೋಪಿನ ಚಳಿ ಮನೆಗಳಿಗೆ ಹೇಳಿದ್ದು ಅಂತ ಹೊಳೆಯಲೇ ಇಲ್ಲ. ಮೆಣಸಿನಕಾಯಿ ವಾಸನೆ ಹೋದ ಮೇಲೆ ಉಳಿದದ್ದು ಬರೀ ಸ್ಪಿರಿಟ್ ಘಾಟು.

ಆಮೇಲೆ ಒಂದು ಶನಿವಾರ ಕೊಲ್ಚಾಗುವಾ ಕಣಿವೆಗೆ ಹೋದೆವು. ಸ್ಯಾಂಟಿಯಾಗೋದಿಂದ ದಕ್ಷಿಣಕ್ಕೆ ಸ್ಯಾನ್ ಫರ್ನಾಂಡೋವರೆಗೆ ಹೆದ್ದಾರಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸಾಂತಾ ಕ್ರೂಸ್. ಒಟ್ಟು ಸುಮಾರು 180 ಕಿಲೋಮೀಟರ್. ಒಂದು ಸಣ್ಣ ವೈನರಿಯಲ್ಲಿ ವೈನ್ ಮಾಡುವಾಕೆಯನ್ನೇ ಕೇಳಿದೆ, ಈ ಮೆಣಸಿನಕಾಯಿ ಯಾಕೆ ಅಂತ. ಆಕೆ ನಕ್ಕುಬಿಟ್ಟರು. ಪಿರಜೀನ್ ಅನ್ನೋ ವಸ್ತುವಿನ ವಾಸನೆ ಅದು, ದಪ್ಪ ಮೆಣಸಿನಕಾಯಿಯಲ್ಲಿ ಇರೋದೂ ಅದೇ ಜಾತಿಯದು. ದ್ರಾಕ್ಷಿ ಮಾಗುತ್ತಾ, ಗೊಂಚಲಿಗೆ ಬಿಸಿಲು ಬೀಳುತ್ತಾ ಅದು ಕಡಿಮೆಯಾಗುತ್ತೆ. ಅದಕ್ಕೇ ಗೊಂಚಲ ಸುತ್ತ ಎಲೆ ಕಿತ್ತು ಬಿಸಿಲು ಬಿಡ್ತಾರೆ.

ಇದರ ಹಿಂದಿನ ಕಥೆ ನನಗೆ ವೈನಿಗಿಂತ ರುಚಿ ಅನ್ನಿಸಿತು. ಕಾರ್ಮೆನೇರ್ ಮೂಲತಃ ಫ್ರಾನ್ಸಿನ ಬೋರ್ಡೋದ ಬಳ್ಳಿ. 19ನೇ ಶತಮಾನದಲ್ಲಿ ಬೇರೆ ಬಳ್ಳಿಗಳ ಜೊತೆ ಚಿಲಿಗೆ ಬಂತು. ಫಿಲೋಕ್ಸೆರಾ ಅನ್ನೋ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ಹಾಳು ಮಾಡಿದ ಮೇಲೆ ಅಲ್ಲಿ ಇದು ಹೆಚ್ಚುಕಮ್ಮಿ ಮರೆತೇ ಹೋಯಿತು. ಆ ಕೀಟ ಮುಟ್ಟದ ಚಿಲಿಯಲ್ಲಿ ಮಾತ್ರ ಮೆರ್ಲೋ ಅನ್ನೋ ಇನ್ನೊಂದು ದ್ರಾಕ್ಷಿಯ ಸಾಲುಗಳ ಮಧ್ಯೆ, ಮೆರ್ಲೋ ಅಂತಲೇ ಕರೆಸಿಕೊಂಡು ಬೆಳೆಯುತ್ತಿತ್ತು! 1994ರ ನವೆಂಬರ್‌ನಲ್ಲಿ ಜಾನ್ ಮಿಶೆಲ್ ಬುರ್ಸಿಕೋ ಎಂಬ ಫ್ರೆಂಚ್ ಬಳ್ಳಿ ತಜ್ಞ ಬಂದು ಇದು ಕಾರ್ಮೆನೇರ್ ಅಂತ ಗುರುತಿಸಿದರು. ಮೆರ್ಲೋಗಿಂತ ಇದು ಮೂರು ನಾಲ್ಕು ವಾರ ತಡವಾಗಿ ಮಾಗುತ್ತೆ. ಎರಡನ್ನೂ ಒಟ್ಟಿಗೇ ಕೊಯ್ದರೆ ವೈನಿನಲ್ಲಿ ಹಸಿ ವಾಸನೆ ಬರದೆ ಇನ್ನೇನು?

ಅಲ್ಲಿಂದ ತಂದ ಬಾಟಲಿಯ ಹಿಂದೆ ಯಾವ ದ್ರಾಕ್ಷಿ ಎಷ್ಟು ಅಂತ ಬರೆದಿತ್ತು: ಕಾರ್ಮೆನೇರ್ 60, ಕ್ಯಾಬರ್ನೇ ಸಾವಿನ್ಯೋನ್ 30, ಸಿರಾ 10 ಪರ್ಸೆಂಟ್. ಈ ಸಲ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ, ಅಡುಗೆಮನೆ ಥರ್ಮಾಮೀಟರ್ 17 ತೋರಿಸಿದ ಮೇಲೆ ಸುರಿದೆ. ಲೋಟದ ಮೂರನೇ ಒಂದು ಭಾಗ ಮಾತ್ರ, ಉಳಿದ ಜಾಗ ಮೂಗಿಗೆ. ಬಣ್ಣ ನೇರಳೆ ಹಣ್ಣು ತಿಂದ ನಾಲಿಗೆಯದು. ಅಲ್ಲಾಡಿಸದೆ ಒಮ್ಮೆ ಮೂಸಿದೆ, ತಿರುಗಿಸಿ ಇನ್ನೊಮ್ಮೆ. ಮೆಣಸಿನಕಾಯಿ ಇತ್ತು, ಆದ್ರೆ ಈಗ ಹಿಂದೆ ನಿಂತಿತ್ತು, ಹುರಿದ ಹಾಗೆ. ಮುಂದೆ ಕಪ್ಪು ಹಣ್ಣು, ಚೂರು ಕಾಳುಮೆಣಸು. ಒಂದು ಗುಟುಕು ಬಾಯಿ ತುಂಬ ಆಡಿಸಿ ಸ್ಟೀಲ್ ತಂಬಿಗೆಗೆ ಉಗಿದೆ. ಹೆಂಡತಿ ನೋಡಿ, "ದುಡ್ಡು ಕೊಟ್ಟು ತಂದಿದ್ದನ್ನ ಯಾರಾದ್ರೂ ಉಗೀತಾರಾ?" ಅಂದಳು. ಎರಡನೇ ಗುಟುಕು ನುಂಗಿದೆ.

ಟ್ಯಾನಿನ್ ಅಂದ್ರೆ ಏನು ಅಂತ ಜನ ತಲೆ ಕೆಡಿಸಿಕೊಳ್ಳೋದು ನೋಡಿದ್ದೀನಿ. ನಮಗೆ ಆ ಕಷ್ಟ ಇಲ್ಲ, ಒಗರು ಅನ್ನೋ ಮಾತಿದೆ. ಎಳೆ ಅಡಿಕೆ ಅಗಿದಾಗ ಒಸಡು ಹಿಡಿದುಕೊಳ್ಳುತ್ತಲ್ಲ, ಅದೇ. ಹುಳಿಗೆ ಬಾಯಲ್ಲಿ ನೀರೂರುತ್ತೆ, ಒಗರಿಗೆ ಬಾಯಿ ಒಣಗುತ್ತೆ. ಇಷ್ಟು ಬೇರೆ ಮಾಡಿ ನೋಡೋದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಆದ್ರೆ ಆ ಬಾಟಲಿಯ ವೈನಿಗೆ ಒಗರು ಬಂದಿದ್ದು ಯಾವ ದ್ರಾಕ್ಷಿಯಿಂದ ಅಂತ ತಿಳಿಯಲಿಲ್ಲ. ಸರಿ, ಅದೇ ಕಣಿವೆಯ ಮೂರು ಬೇರೆ ಬೇರೆ ಬಾಟಲಿ ಕೊಂಡು ತಂದೆ, ಒಂದೊಂದರಲ್ಲೂ ಒಂದೇ ದ್ರಾಕ್ಷಿಯ ಹೆಸರು. ಕಾರ್ಮೆನೇರ್ ಒಂದನ್ನೇ ಕುಡಿದರೆ ಮೆತ್ತಗೆ, ಹುಳಿ ಕಡಿಮೆ, ಸ್ವಲ್ಪ ಹೊತ್ತಿಗೇ ಸಪ್ಪೆ. ಕ್ಯಾಬರ್ನೇ ಒಗರೋ ಒಗರು. ಮಗಳ ಕೆಮ್ಮಿನ ಸಿರಪ್ಪಿನ 10 ಮಿಲಿ ಮುಚ್ಚಳ ತೊಳೆದುಕೊಂಡು (ಎರಡು ಸಲ ತೊಳೀರಿ, ಮೊದಲ ಲೋಟದಲ್ಲಿ ನನಗೆ ಕಿತ್ತಳೆ ವಾಸನೆ ಬಂದು ಖುಷಿಪಟ್ಟಿದ್ದೆ) ಕಾರ್ಮೆನೇರ್ ಆರು ಮುಚ್ಚಳ, ಕ್ಯಾಬರ್ನೇ ಮೂರು ಮುಚ್ಚಳ ಬೆರೆಸಿದೆ. ಶುರುವಿನಲ್ಲಿ ಚೆನ್ನಾಗಿತ್ತು, ಕೊನೆಯಲ್ಲಿ ಹಿಡಿತವಿತ್ತು, ಮಧ್ಯೆ ಮಾತ್ರ ಏನೋ ಖಾಲಿ. ಒಂದು ಮುಚ್ಚಳ ಸಿರಾ ಹಾಕಿದೆ ನೋಡಿ, ಆ ಖಾಲಿ ತುಂಬಿತು. ನೂರರಲ್ಲಿ ಹತ್ತು ಇಷ್ಟು ಮಾಡುತ್ತೆ ಅಂತ ಓದಿ ನಂಬಿರಲಿಲ್ಲ.

ಆದ್ರೂ ನನ್ನದು ಆ ವೈನರಿಯವರ ವೈನ್ ಆಗಲಿಲ್ಲ. ಅವರು ಬೆರೆಸಿದ ಮೇಲೆ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡ್ತಾರೆ, ನಾನು ಐದು ನಿಮಿಷ ಇಟ್ಟೆ.

ಊಟಕ್ಕೆ ಎಣ್ಣೆಗಾಯಿ ಇತ್ತು. ಅದು ದೊಡ್ಡ ತಪ್ಪು. 14 ಪರ್ಸೆಂಟ್ ಆಲ್ಕೋಹಾಲ್ ಖಾರವನ್ನು ಕೆರಳಿಸಿ ಗಂಟಲು ಉರಿಸಿತು, ವೈನ್ ಕಹಿಯಾಯಿತು. ಇಲ್ಲಿಯವರ ಪಸ್ತೆಲ್ ದೆ ಚೋಕ್ಲೋ, ಅಂದ್ರೆ ಮಾಂಸದ ಮೇಲೆ ರುಬ್ಬಿದ ಮುಸುಕಿನ ಜೋಳ ಹಾಕಿ ಮಣ್ಣಿನ ಬಟ್ಟಲಲ್ಲಿ ಬೇಯಿಸೋದು, ಅದರ ಜೊತೆ ಮಾತ್ರ ಸೊಗಸು. ಜೋಳದ ಸಿಹಿಗೆ ಆ ಹಸಿ ವಾಸನೆ ಚೆನ್ನಾಗಿ ಹೊಂದುತ್ತೆ. ಮಾರನೇ ದಿನ ನಮ್ಮ ಬೀದಿ ಕೊನೆಯ ಅಂಗಡಿಯಿಂದ ಎರಡು ಬಟ್ಟಲು ತಂದು, ಮೂರು ಬಾಟಲಿಯಲ್ಲಿ ಉಳಿದಿದ್ದನ್ನೆಲ್ಲ ಅಳತೆ ಇಲ್ಲದೆ ಒಂದಕ್ಕೇ ಸುರಿದು ಕುಡಿದೆವು. ಉಗಿಯಲಿಲ್ಲ.