ಜಲಾಂತರ್ಗಾಮಿಯ ಸಮುದ್ರ ಪರೀಕ್ಷೆ: ಬೆಂಕಿ ನಂದಿಸುವ ಅನಿಲ ಸೋರಿದರೆ ಏನು ಮಾಡಬೇಕು?

2008ರ ನವೆಂಬರ್ 8ರಂದು ಜಪಾನ್ ಸಮುದ್ರದಲ್ಲಿ ರಷ್ಯಾದ 'ನೆರ್ಪಾ' ಜಲಾಂತರ್ಗಾಮಿಯಲ್ಲಿ ಬೆಂಕಿಯೇ ಇರಲಿಲ್ಲ. ಆದರೂ ಬೆಂಕಿ ನಂದಿಸುವ ವ್ಯವಸ್ಥೆ ಚಾಲೂ ಆಗಿ 20 ಮಂದಿ ಸತ್ತರು. ಹಡಗನ್ನು ನಡೆಸುವ ಅಣು ರಿಯಾಕ್ಟರ್‌ಗೆ ಏನೂ ಆಗಲಿಲ್ಲ. ಹಡಗಿನಲ್ಲಿದ್ದ 208 ಜನರಲ್ಲಿ ನೌಕಾಪಡೆಯವರು 81 ಮಾತ್ರ. ಉಳಿದವರು ಪರೀಕ್ಷೆಗೆ ಬಂದ ನಾಗರಿಕರು. ಇದೇ ಹಡಗು 2012ರಲ್ಲಿ 'ಐಎನ್‌ಎಸ್ ಚಕ್ರ'ವಾಗಿ ನಮ್ಮ ನೌಕಾಪಡೆ ಸೇರಿತು.

ಹೊರಡುವ ಮೊದಲೇ ಬೆಂಕಿ ನಂದಿಸುವ ಸಿಲಿಂಡರಿನ ದ್ರವವನ್ನು ಲ್ಯಾಬಿನಲ್ಲಿ ಪರೀಕ್ಷಿಸಿ, ಅದರ ಮೇಲಿನ ಚೀಟಿಯನ್ನು ನಂಬಬೇಡಿ. ನೆರ್ಪಾದ ಫ್ರಿಯಾನ್‌ನಲ್ಲಿ (ಆವಿಯಾಗಿ ಹರಡಿ ಬೆಂಕಿ ನಂದಿಸುವ ದ್ರವ) ಟೆಟ್ರಾಕ್ಲೋರೋಎಥಿಲೀನ್ ಬೆರೆತಿತ್ತು. ಡ್ರೈಕ್ಲೀನಿಂಗ್‌ಗೆ ಬಳಸುವ ಈ ದ್ರವದ ಆವಿ ನರಮಂಡಲವನ್ನೇ ಮಂಕಾಗಿಸುತ್ತದೆ. ಉಸಿರಾಟದ ಸೆಟ್‌ಗಳನ್ನು (ತಮ್ಮದೇ ಗಾಳಿ ಒದಗಿಸುವ ಮುಖವಾಡ) ಸಿಬ್ಬಂದಿ ಪಟ್ಟಿ ನೋಡಿ ಎಣಿಸದೆ, ಹಡಗಿನೊಳಗಿರುವ ತಲೆ ನೋಡಿ ಎಣಿಸಿ. ಅತಿಥಿ ತಂತ್ರಜ್ಞರೂ ಸೇರಿದಂತೆ ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಸೆಟ್ ಹಾಕುವುದನ್ನು ಕಲಿಯಲಿ.

ಅಲಾರಂ ಕೇಳಿದ ಕೂಡಲೇ ಮೊದಲು ಸೆಟ್, ಆಮೇಲೆ ಓಟ. ಫಿಲ್ಟರ್ ಮಾಸ್ಕ್ ಸಾಲದು: ಆಮ್ಲಜನಕ ಕಡಿಮೆಯಾದಾಗ ಅದು ನಿರುಪಯೋಗಿ. ಬಗ್ಗಿ ತೆವಳಬೇಡಿ! ಹೊಗೆಯಲ್ಲಿ ತೆವಳುವ ಪಾಠ ಸರಿ. ಆದರೆ ಫ್ರಿಯಾನ್ 114ಬಿ2 ಆವಿ ಗಾಳಿಗಿಂತ ಸುಮಾರು 9 ಪಟ್ಟು ಭಾರ, ನೆಲದ ಬಳಿಯೇ ಸೇರಿಕೊಳ್ಳುತ್ತದೆ. ಕೆಳಬರ್ತಿನಲ್ಲಿ ಮಲಗಿದವರನ್ನು ಮೊದಲು ಎಬ್ಬಿಸಿ.

ಸೆಟ್ ಇಲ್ಲದೆ ರಕ್ಷಿಸಲು ಒಳನುಗ್ಗಿದವರು ಎರಡನೆಯ ಬಲಿಯಾಗುತ್ತಾರೆ. ಪಕ್ಕದ ವಿಭಾಗದ ಬಾಗಿಲು ಮುಚ್ಚಿ, ಗಾಳಿಯಾಡಿಸಿ, ಆಮ್ಲಜನಕ 19.5% ದಾಟಿದೆಯೇ ಎಂದು ನೆಲಮಟ್ಟದಲ್ಲೂ ಅಳೆಯಿರಿ. ವಿಷಾವಿಯ ಮಟ್ಟವನ್ನು ಬೇರೆಯಾಗಿಯೇ ನೋಡಬೇಕು. ಆಮ್ಲಜನಕದ ಮೀಟರಿಗೆ ಅದು ಕಾಣುವುದಿಲ್ಲ.